ಹಳೆಯದನ್ನೇ ಹಾಕಿಸಿಕೊಡುತ್ತೇವೆ ಎಂದಿದ್ದಿರಿ

ತಾಲ್ಲೂಕು ಪಂಚಾಯಿತಿಯ ಮಾನ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ,

ಗ್ರಾಮ ಪಂಚಾಯಿತಿ ಗ್ರಂಥಾಲಯದ ಕಂಪ್ಯೂಟರುಗಳ ವಿಷಯ ತಮಗೆ ಹೊಸದಲ್ಲ. ಮೇಲ್ವಿಚಾರಕಿಯ ಮನವಿಗೆ ತಮ್ಮ ಕಚೇರಿಯ ಸ್ವೀಕೃತಿ ಮುದ್ರೆ ಬಿದ್ದಿದೆ, ಗ್ರಾಮಸಭೆಯ ನಡಾವಳಿಯಲ್ಲೂ ದಾಖಲಾಗಿದೆ, ಫೋನಿನಲ್ಲೂ ಹೇಳಿದ್ದಾಗಿದೆ. ಯಾವುದಕ್ಕೂ ಉತ್ತರ ಬರದ ಕಾರಣ ಈ ಬಹಿರಂಗ ಪತ್ರ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕುವ ಕೆಲಸವನ್ನು ತಾವು ಒಂದು ಏಜೆನ್ಸಿಗೆ ಒಪ್ಪಿಸಿದಿರಿ. ಅದು ತಪ್ಪಲ್ಲ. ಸುರಕ್ಷತೆಯ ಅಪ್‌ಡೇಟ್ ನಿಂತ ಕಂಪ್ಯೂಟರಿನಲ್ಲಿ ಮಕ್ಕಳು ಆಧಾರ್ ಸಂಖ್ಯೆ, ಬ್ಯಾಂಕ್ ವಿವರ ತುಂಬಬಾರದು. ಆದರೆ ಬೇರೆ ಕಚೇರಿಯಲ್ಲಿ ಬಳಸಿ ಬಿಟ್ಟ ಯಂತ್ರಗಳು ಇವು, ತಡೆದುಕೊಳ್ಳುತ್ತವೆಯೇ ಎಂದು ಮೇಲ್ವಿಚಾರಕಿ ಸಭೆಯಲ್ಲೇ ಕೇಳಿದ್ದರು. “ತೊಂದರೆಯಾದರೆ ಹಳೆಯದನ್ನೇ ವಾಪಸ್ ಹಾಕಿಸಿಕೊಡುತ್ತೇವೆ” ಎಂದು ಎಲ್ಲರೆದುರು ಹೇಳಿದವರು ತಾವು.

ತೊಂದರೆಯಾಯಿತು.

ಅಪ್‌ಗ್ರೇಡ್ ಮುಗಿದು ರೀಸ್ಟಾರ್ಟ್ ಆದ ಮೇಲೆ ಕೆಲವು ಮಾನಿಟರುಗಳಲ್ಲಿ ಬರೀ ಕಪ್ಪು ಪರದೆ. ಅದರ ಮೇಲೆ ಮೌಸಿನ ಬಿಳಿ ಬಾಣವೊಂದೇ ಓಡಾಡುತ್ತದೆ. ಉಳಿದವುಗಳಲ್ಲಿ ಚಿತ್ರ ಬರುತ್ತದೆ, ಆದರೆ ಅಡ್ಡಡ್ಡ ಹಿಗ್ಗಿಕೊಂಡು. ಒತ್ತಕ್ಷರಗಳು ಮೇಲಿನ ಅಕ್ಷರಕ್ಕೆ ಮೆತ್ತಿಕೊಂಡು ಓದಲಾಗುವುದಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಯ ಅರ್ಜಿ ತುಂಬುವ ಹುಡುಗಿಗೆ ಕೊನೆಯ ಸಬ್ಮಿಟ್ ಬಟನ್ ಪರದೆಯಿಂದಾಚೆ ಹೋಗಿ ಕಾಣುವುದೇ ಇಲ್ಲ. ರೆಸಲ್ಯೂಷನ್ ಬದಲಿಸೋಣವೆಂದರೆ ಆ ಆಯ್ಕೆಯೇ ಮಂಕಾಗಿ ಕೂತಿದೆ.

ಕಾರಣ ಹುಡುಕಿದ್ದು ಏಜೆನ್ಸಿಯಲ್ಲ, ಮೇಲ್ವಿಚಾರಕಿ. ಕಪ್ಪು ಪರದೆಯ ಮುಂದೆ ಕೂತು ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ಕೀಲಿಗಳನ್ನು ಒಟ್ಟಿಗೆ ಒತ್ತಿದರು. ಬೀಪ್ ಎಂದಿತು. ಯಂತ್ರ ಸತ್ತಿಲ್ಲ ಎಂದು ಅಷ್ಟರಿಂದ ಗೊತ್ತಾಯಿತು, ಪರದೆ ಮಾತ್ರ ಬೆಳಗಲಿಲ್ಲ. ಹಿಗ್ಗಿದ ಚಿತ್ರ ಬರುವ ಯಂತ್ರದಲ್ಲಿ ಡಿವೈಸ್ ಮ್ಯಾನೇಜರ್ ತೆರೆದರೆ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದಿತ್ತು. ಗ್ರಾಫಿಕ್ಸ್ ಚಿಪ್ಪಿಗೆ ಹೊಂದುವ ಡ್ರೈವರ್ ಸಿಗದಿದ್ದಾಗ ಹೇಗೋ ಚಿತ್ರ ತೋರಿಸಲೆಂದು ವಿಂಡೋಸ್ ಹಾಕಿಕೊಳ್ಳುವ ಬದಲಿ ಡ್ರೈವರ್ ಅದು. ವಿಂಡೋಸ್ 11ಕ್ಕೆ ಡೈರೆಕ್ಟ್‌ಎಕ್ಸ್ 12 ಬಲ್ಲ ಗ್ರಾಫಿಕ್ಸ್, ಡಬ್ಲ್ಯುಡಿಡಿಎಂ 2.0 ಡ್ರೈವರ್, ಟಿಪಿಎಂ 2.0 ಬೇಕೆಂದು ಮೈಕ್ರೋಸಾಫ್ಟ್ 2021ರಲ್ಲೇ ಪ್ರಕಟಿಸಿದೆ. ಯಂತ್ರ ಹೊಂದುತ್ತದೆಯೇ ಎಂದು ನೋಡಲು ‘ಪಿಸಿ ಹೆಲ್ತ್ ಚೆಕ್’ ಎಂಬ ಉಚಿತ ತಂತ್ರಾಂಶವೂ ಇದೆ. ಏಜೆನ್ಸಿ ಅದನ್ನು ನಡೆಸಲಿಲ್ಲ. ವಿಂಡೋಸ್ ತಾನೇ ಮಾಡುವ ತಪಾಸಣೆಯನ್ನೂ ತಪ್ಪಿಸಿ ಅಪ್‌ಗ್ರೇಡ್ ಮುಗಿಸಿತು.

ಇನ್ನು ತಾವು ಕೊಟ್ಟ ಮಾತು. ಅಪ್‌ಗ್ರೇಡ್ ಆದಾಗ ಹಳೆಯ ವಿಂಡೋಸ್, ‘ವಿಂಡೋಸ್.ಓಲ್ಡ್’ ಎಂಬ ಫೋಲ್ಡರಿನಲ್ಲಿ ಉಳಿದಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ‘ಗೋ ಬ್ಯಾಕ್’ ಒತ್ತಿದರೆ ವಿಂಡೋಸ್ 10 ಮರಳುತ್ತದೆ. ಆದರೆ 10 ದಿನ ಮಾತ್ರ; ಆಮೇಲೆ ಆ ಫೋಲ್ಡರ್ ತಾನಾಗಿ ಅಳಿದುಹೋಗುತ್ತದೆ. ಅಡ್ಮಿನ್ ಪಾಸ್‌ವರ್ಡ್ ಏಜೆನ್ಸಿಯ ಬಳಿ ಇದ್ದುದರಿಂದ ಮೇಲ್ವಿಚಾರಕಿಯ ಕೈ ಕಟ್ಟಿತ್ತು. ಅವರ ಮನವಿ ಮೊದಲ ವಾರದಲ್ಲೇ ನಿಮ್ಮ ಮೇಜಿಗೆ ಬಂದಿತ್ತು. ಏಜೆನ್ಸಿಯ ಹುಡುಗ ಬಂದದ್ದು ಗಡುವು ದಾಟಿದ ಮೇಲೆ. “ಆಪ್ಷನ್ನೇ ಹೋಗಿದೆ ಮೇಡಂ” ಎಂದು ಎದ್ದು ಹೋದ. ಡಿಐಎಸ್‌ಎಂ ಕಮಾಂಡಿನ ಒಂದೇ ಒಂದು ಸಾಲು ಟೈಪ್ ಮಾಡಿದ್ದರೆ ಆ ಗಡುವನ್ನು 60 ದಿನಕ್ಕೆ ಹೆಚ್ಚಿಸಬಹುದಿತ್ತು. ನಿಮ್ಮ ಮಾತಿಗೆ ಬೆಲೆಯಿದ್ದಿದ್ದರೆ ಆ ಸಾಲನ್ನು ಮೊದಲ ದಿನವೇ ಟೈಪ್ ಮಾಡಿಸುತ್ತಿದ್ದಿರಿ.

ಈಗ ಊರಿನ ಮಕ್ಕಳು ಬಸ್ ಹಿಡಿದು ಪಟ್ಟಣದ ಸೈಬರ್ ಸೆಂಟರಿಗೆ ಹೋಗಿ, ದುಡ್ಡು ತೆತ್ತು ಅರ್ಜಿ ಹಾಕುತ್ತಿದ್ದಾರೆ. ಬಿಲ್ಲು ಯಾವಾಗ ಪಾಸಾಗುತ್ತದೆ ಎಂಬುದು ಏಜೆನ್ಸಿಗೆ ಗೊತ್ತು, ಯಂತ್ರ ಯಾವಾಗ ಸರಿಯಾಗುತ್ತದೆ ಎಂಬುದು ಯಾರಿಗೂ ಗೊತ್ತಿಲ್ಲ. ಯಂತ್ರ ಖರೀದಿಸುವಾಗ, ತಂತ್ರಾಂಶ ಬದಲಿಸುವಾಗ, ಗುತ್ತಿಗೆ ಕೊಡುವಾಗ ದಿನವೂ ಅದರ ಮುಂದೆ ಕೂರುವವರನ್ನು ನಿಮ್ಮ ಕಚೇರಿ ಒಮ್ಮೆಯೂ ಕೇಳುವುದಿಲ್ಲ. ಕೆಟ್ಟಾಗ ಮಾತ್ರ ಓದುಗರ ಬೈಗುಳ ತಿನ್ನಲು ಮೇಲ್ವಿಚಾರಕಿ ಬೇಕು.

ಹೊಂದದ ಯಂತ್ರಗಳಿಗೆ ವಿಂಡೋಸ್ 10 ಮರಳಿ ಹಾಕಿಸಿ ಹೆಚ್ಚುವರಿ ಸುರಕ್ಷಾ ಅಪ್‌ಡೇಟ್‌ಗಳಿಗೆ ನೋಂದಾಯಿಸಿ, ಇಲ್ಲವೇ ಲಿನಕ್ಸ್ ಹಾಕಿಸಿ. ಅಡ್ಮಿನ್ ಪಾಸ್‌ವರ್ಡ್ ಗ್ರಂಥಾಲಯಕ್ಕೆ ಕೊಡಿಸಿ. ಅಲ್ಲಿಯವರೆಗೆ ಏಜೆನ್ಸಿಯ ಬಿಲ್ಲು ತಡೆಹಿಡಿಯಿರಿ. ಇದೆಲ್ಲ ಯಾವ ದಿನಾಂಕದೊಳಗೆ ಆಗುತ್ತದೆ ಎಂಬುದನ್ನು ಈ ಸಲ ಬಾಯಿಮಾತಿನಲ್ಲಿ ಬೇಡ, ಸಹಿ ಹಾಕಿ ಬರೆದು ಕೊಡಿ.

ಇತಿ,
ಗ್ರಂಥಾಲಯದ ಓದುಗರ ಪರವಾಗಿ