ಮಗುವಿನ ಉದ್ಯೋಗ

ಕಳೆದ ತಿಂಗಳು ನಮಗೆ ಬಂದ ಕಾಗದಗಳಲ್ಲಿ ಒಂದು ಗೃಹಿಣಿಯೊಬ್ಬರದು. ಅವರ ಐದು ವರ್ಷದ ಮಗನಿಗೆ ಹುಟ್ಟಿದಂದಿನಿಂದ ಬಲಗೈ ಸ್ವಾಧೀನದಲ್ಲಿಲ್ಲ. ಮಕ್ಕಳ ವೈದ್ಯರು ಪರೀಕ್ಷಿಸಿ, ಆಕ್ಯುಪೇಷನಲ್ ಥೆರಪಿಗೆ ಕರೆದುಕೊಂಡು ಹೋಗುವಂತೆ ಚೀಟಿ ಬರೆದುಕೊಟ್ಟರಂತೆ. ಮಾವನವರು ಅದನ್ನು ಓದಿಸಿ ಕೇಳಿ, “ಐದು ವರ್ಷದ ಕೂಸಿಗೆ ಎಂಥ ಉದ್ಯೋಗವಮ್ಮಾ? ಮೊದಲು ಕೈ ಸರಿಯಾಗಲಿ” ಎಂದು ಚೀಟಿಯನ್ನು ಪಂಚಾಂಗದೊಳಗೆ ಇಟ್ಟುಬಿಟ್ಟರಂತೆ. ಮೂರು ತಿಂಗಳಿಂದ ಅದು ಅಲ್ಲಿಯೇ ಇದೆಯೆಂದೂ, ಇದೆಂಥ ಚಿಕಿತ್ಸೆ, ಇದರಿಂದ ಪ್ರಯೋಜನವುಂಟೆ ಎಂದು ತಿಳಿಸಬೇಕೆಂದೂ ಆಕೆ ಕೇಳಿರುವರು.

ಹಿರಿಯರ ಮೇಲೆ ದೋಷವಿಲ್ಲ. ಪದವೇ ಅವರನ್ನು ದಾರಿತಪ್ಪಿಸಿತು. ಕನ್ನಡದಲ್ಲಿ ಇದನ್ನು ಔದ್ಯೋಗಿಕ ಚಿಕಿತ್ಸೆಯೆಂದು ಕರೆಯುವುದು ರೂಢಿ. ಉದ್ಯೋಗವೆಂದರೆ ತಿಂಗಳಿಗೊಮ್ಮೆ ಸಂಬಳ ತರುವ ನೌಕರಿ ಎಂಬ ಅರ್ಥವಾದರೋ ಈಚಿನದು. ‘ಯುಜ್’ ಧಾತುವಿಗೆ ‘ಉತ್’ ಉಪಸರ್ಗ ಸೇರಿ ಹುಟ್ಟಿದ ಈ ಶಬ್ದಕ್ಕೆ ಪ್ರಯತ್ನ, ಸನ್ನಾಹ, ಮೈಮನಸ್ಸುಗಳನ್ನು ಒಂದು ಕಾರ್ಯಕ್ಕೆ ಹೂಡುವುದು ಎಂಬುದೇ ಹಳೆಯ ಅರ್ಥ. ಮಹಾಭಾರತದ ಉದ್ಯೋಗಪರ್ವದಲ್ಲಿ ಪಾಂಡವರು ಯಾರೂ ನೌಕರಿ ಹುಡುಕುವುದಿಲ್ಲ. ಅವರು ನೌಕರಿ ಹಿಡಿದದ್ದು ಅದರ ಹಿಂದಿನ ವಿರಾಟಪರ್ವದಲ್ಲಿ! ಹೀಗೆ ನೋಡಿದರೆ ಐದು ವರ್ಷದ ಮಗುವಿಗೆ ಉದ್ಯೋಗಗಳು ಬೇಕಾದಷ್ಟುಂಟು. ಅನ್ನ ಕಲಸಿ ಬಾಯಿಗಿಡುವುದು ಉದ್ಯೋಗ. ಅಂಗಿಯ ಗುಂಡಿ ಹಾಕುವುದು, ಚಂಬಿನಿಂದ ನೀರು ಹೊಯ್ದುಕೊಳ್ಳುವುದು, ಓರಗೆಯವರೊಡನೆ ಆಡುವುದು, ಅಕ್ಷರ ತಿದ್ದುವುದು, ಇವೆಲ್ಲವೂ ಉದ್ಯೋಗಗಳೇ. ಇವುಗಳಲ್ಲಿ ಯಾವುದು ಮಗುವಿಗೆ ಆಗದೋ ಅದನ್ನು ಆಗುವಂತೆ ಮಾಡುವುದೇ ಈ ಚಿಕಿತ್ಸೆಯ ಉದ್ದೇಶ.

ಇದು ನಿನ್ನೆ ಮೊನ್ನೆ ಹುಟ್ಟಿದ ಶಾಸ್ತ್ರವೂ ಅಲ್ಲ. ಅಮೆರಿಕದಲ್ಲಿ 1917ರಲ್ಲಿಯೇ ಇದಕ್ಕೊಂದು ಸಂಘ ಏರ್ಪಟ್ಟಿತು. ನಮ್ಮ ದೇಶದಲ್ಲಿ ಇದರ ಮೊದಲನೆಯ ಶಾಲೆಯನ್ನು 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ತೆರೆದವರು ಶ್ರೀಮತಿ ಕಮಲಾ ನಿಂಬಕರರು. ಅಮೆರಿಕದಲ್ಲಿ ಹುಟ್ಟಿ, ಭಾರತೀಯರನ್ನು ವರಿಸಿ, ಈ ದೇಶದವರೇ ಆಗಿಹೋದ ಮಹಿಳೆ. 1952ರಲ್ಲಿ ಅಖಿಲ ಭಾರತ ಸಂಘವೂ ಆಯಿತು. ಈಗ ನಮ್ಮ ಮಣಿಪಾಲವೇ ಮೊದಲಾದೆಡೆಗಳಲ್ಲಿ ಇದನ್ನು ಪದವಿಯ ಮಟ್ಟದಲ್ಲಿ ಕಲಿಸುತ್ತಿರುವರು.

“ಮೊದಲು ಕೈ ಸರಿಯಾಗಲಿ, ಆಮೇಲೆ ಕೆಲಸ” ಎಂಬ ಮಾತನ್ನು ನಾವು ಇನ್ನಷ್ಟು ವಿಚಾರಿಸಬೇಕಾಗಿದೆ. ಏಕೆಂದರೆ ಅನೇಕ ಮನೆಗಳಲ್ಲಿ ಮಗುವಿನ ಅತ್ಯಮೂಲ್ಯವಾದ ವರ್ಷಗಳು ಈ ಮಾತಿನಲ್ಲಿಯೇ ಕಳೆದುಹೋಗುವುವು. ಸೆರೆಬ್ರಲ್ ಪಾಲ್ಸಿಯೆಂದು ವೈದ್ಯರು ಕರೆಯುವ ಸ್ಥಿತಿಯಲ್ಲಿ ಮಿದುಳಿಗೆ ಎಳವೆಯಲ್ಲಾದ ಪೆಟ್ಟು ಮಾಯುವುದಿಲ್ಲ. ಅದನ್ನು ಮಾಯಿಸುವೆವೆಂದು ಹೇಳುವವರನ್ನು ನಂಬಬಾರದು. ಆದರೆ ಬೆಳೆಯುವ ಮಿದುಳು ಮಾಡಿದ ಕೆಲಸದಿಂದಲೇ ಕಲಿಯತಕ್ಕದ್ದು. ಕೈ ಸರಿಹೋಗಿ ಕೆಲಸಕ್ಕೆ ಬರುವುದಲ್ಲ, ಕೆಲಸಕ್ಕೆ ಹಚ್ಚಿದ್ದರಿಂದಲೇ ಕೈಗೆ ಅಷ್ಟೋ ಇಷ್ಟೋ ಸಾಮರ್ಥ್ಯ ಬರುವುದು. ಅದೂ ಯಾವ ಕೆಲಸ ಬೇಕೋ ಅದನ್ನೇ ಮಾಡಿಸಬೇಕು. ರಬ್ಬರಿನ ಚೆಂಡನ್ನು ದಿನಕ್ಕೆ ನೂರು ಸಲ ಅದುಮಿಸಿದರೆ ಚೆಂಡನ್ನು ಅದುಮುವುದು ಬರುವುದೇ ಹೊರತು ಗುಂಡಿ ಹಾಕುವುದು ಬಾರದು.

ಆಸ್ಪತ್ರೆಯಲ್ಲಿ ಈ ಚಿಕಿತ್ಸಕರ ಕೆಲಸ ಬಹುವಿಧವಾದುದು. ತಿಂಗಳು ತುಂಬದೆ ಹುಟ್ಟಿದ ಶಿಶುವನ್ನು ನೆಮ್ಮದಿಯಾಗಿ ಮಲಗಿಸುವ ಬಗೆ, ಹಾಲು ಚೀಪಲಾರದ ಕೂಸನ್ನು ಹಿಡಿದುಕೊಳ್ಳುವ ಬಗೆ, ಇವನ್ನು ತಾಯಂದಿರಿಗೆ ತೋರಿಸಿಕೊಡುವರು. ಬೆಂಕಿಯಲ್ಲಿ ಸುಟ್ಟ ಮಗುವಿನ ಮೊಣಕೈ ಅಥವಾ ಕುತ್ತಿಗೆಯ ಚರ್ಮ ಮಾಯುವಾಗ ಬಿಗಿದು ಎಳೆದುಕೊಳ್ಳದಂತೆ, ಬಿಸಿನೀರಿನಲ್ಲಿ ಮೆದುವಾಗುವ ಒಂದು ಜಾತಿಯ ಪ್ಲಾಸ್ಟಿಕ್ ಹಾಳೆಯನ್ನು ಮಗುವಿನ ಅಳತೆಗೆ ಬಗ್ಗಿಸಿ ಕಟ್ಟುವರು. ಒಂದು ಪಾರ್ಶ್ವ ಸೋತ ಮಗುವಿಗೆ, ಚೆನ್ನಾಗಿರುವ ಕೈಗೆ ಗವಸು ತೊಡಿಸಿ ಸೋತ ಕೈಯಿಂದಲೇ ಕೆಲವು ಹೊತ್ತು ಆಡಿಸುವುದುಂಟು. ಎರಡು ಕೈಗಳೂ ಕೂಡಿ ಮಾಡತಕ್ಕ ಕೆಲಸಗಳನ್ನು ಅಭ್ಯಾಸ ಮಾಡಿಸುವುದೂ ಉಂಟು. ಇವೆರಡೂ ಪರೀಕ್ಷೆಗೆ ನಿಂತ ವಿಧಾನಗಳು. (ಇದನ್ನು ಓದಿ ಯಾರೂ ಮನೆಯಲ್ಲಿ ತಾವಾಗಿಯೇ ಮಗುವಿನ ಕೈಯನ್ನು ಕಟ್ಟಿಹಾಕಕೂಡದು. ಎಷ್ಟು ಹೊತ್ತು, ಯಾವ ಮಗುವಿಗೆ ಎಂಬುದನ್ನು ತಿಳಿದವರು ಹೇಳಬೇಕು.)

ಆದರೆ ಲೆಕ್ಕ ನೋಡಿರಿ. ವಾರಕ್ಕೆ 168 ಗಂಟೆ. ಮಗು ದಿನಕ್ಕೆ 10 ಗಂಟೆ ನಿದ್ರಿಸಿದರೆ ಎಚ್ಚರದ ಕಾಲ 98 ಗಂಟೆ. ವಾರಕ್ಕೆರಡು ಸಲ ಮುಕ್ಕಾಲು ಗಂಟೆಯಂತೆ ಚಿಕಿತ್ಸೆಗೆ ಹೋದರೆ ಆಸ್ಪತ್ರೆಯ ಪಾಲು ಒಂದೂವರೆ ಗಂಟೆ. ಉಳಿದ 96½ ಗಂಟೆ ಶಾಲೆಯಲ್ಲಿಯೂ ಮನೆಯಲ್ಲಿಯೂ ಕಳೆಯತಕ್ಕವು.

ನಮ್ಮ ಪರಿಚಯದ ಮನೆಯೊಂದರಲ್ಲಿ ಏಳು ವರ್ಷದ ಹುಡುಗಿ, ಎಡಗೈ ಸೋತದ್ದು. ಆಸ್ಪತ್ರೆಯ ಕೊಠಡಿಯಲ್ಲಿ ಉಂಗುರಗಳನ್ನು ಕಂಬಕ್ಕೆ ಹಾಕುವುದು, ಮಣಿ ಪೋಣಿಸುವುದು ಎಲ್ಲವೂ ಚೆನ್ನಾಗಿ ನಡೆದು, “ಪ್ರಗತಿ ತೃಪ್ತಿಕರ” ಎಂದು ಬರೆದುಕೊಟ್ಟಿದ್ದರು. ಮನೆಯಲ್ಲಿ ಅಜ್ಜಿ ಎರಡು ಹೊತ್ತೂ ಕೈತುತ್ತು ಹಾಕುತ್ತಿದ್ದರು. ಶಾಲೆಯಿಂದ ಮಾತ್ರ ಊಟದ ಡಬ್ಬಿ ಎಷ್ಟೋ ದಿನ ಹೋದಹಾಗೆಯೇ ಹಿಂದಕ್ಕೆ ಬರುತ್ತಿತ್ತು. ಹಸಿವಿಲ್ಲವೆಂದು ಹುಡುಗಿ ಹೇಳುವಳು. ಸೋಮಾರಿಯೆಂದು ತಾಯಿ ಗದರಿಸುವಳು. ನಿಜಾಂಶವೇನೆಂದರೆ, ಕೊಕ್ಕೆ ಹಾಕಿದ ಸ್ಟೀಲ್ ಡಬ್ಬಿಯ ಮುಚ್ಚಳ ಆ ಮಗುವಿಗೆ ತೆಗೆಯಲಾಗುತ್ತಿರಲಿಲ್ಲ. ತೆಗೆದುಕೊಡೆಂದು ಮತ್ತೊಬ್ಬರನ್ನು ಕೇಳಲು ನಾಚಿಕೆ. ಆಸ್ಪತ್ರೆಯವರು ಡಬ್ಬಿಯನ್ನು ಕಂಡಿರಲಿಲ್ಲ, ಉಪಾಧ್ಯಾಯಿನಿಯವರು ಉಂಗುರದ ಕಂಬವನ್ನು ಕಂಡಿರಲಿಲ್ಲ, ಅಜ್ಜಿ ಎರಡನ್ನೂ ಕಂಡಿರಲಿಲ್ಲ. ಒಂದು ಮಗು ಮೂರೆಡೆಗಳಲ್ಲಿ ಮೂರು ಮಕ್ಕಳಾಗಿತ್ತು.

ಈ ಸಂಗತಿ ಬಯಲಾದ ಮೇಲೆ ಚಿಕಿತ್ಸಕಿ ಆ ಡಬ್ಬಿಯನ್ನೇ ತರಹೇಳಿದರು. ಕೆಳಗೆ ಒದ್ದೆ ಬಟ್ಟೆ ಹಾಸಿದರೆ ಡಬ್ಬಿ ಜಾರದು. ಸೋತ ಎಡ ಮುಂಗೈಯನ್ನು ಮುಚ್ಚಳದ ಮೇಲೆ ಭಾರಕ್ಕೆ ಊರಿ, ಬಲಗೈ ಹೆಬ್ಬೆರಳಿನಿಂದ ಕೊಕ್ಕೆಯನ್ನು ಎತ್ತಬೇಕು. ಎಡಗೈ ಬಲಗೈಯಂತಾಗಬೇಕಾಗಿಲ್ಲ, ಅದಕ್ಕೆ ಸಹಾಯಕವಾದರೆ ಆಯಿತು. ಮನೆಯಲ್ಲಿ ಸಂಜೆಯ ತಿಂಡಿಯನ್ನು ತಟ್ಟೆಯ ಬದಲು ಅದೇ ಡಬ್ಬಿಯಲ್ಲಿ ಹಾಕಿಕೊಡುವ ಏರ್ಪಾಡಾಯಿತು. ಮೊದಮೊದಲು ಅಜ್ಜಿಗೆ ಇದನ್ನು ನೋಡಲಾಗದೆ ಒಳಗೆ ಹೋಗಿಬಿಡುತ್ತಿದ್ದರಂತೆ. ಐದಾರು ವಾರಗಳಲ್ಲಿ ಡಬ್ಬಿ ಶಾಲೆಯಿಂದ ಬರಿದಾಗಿ ಬರತೊಡಗಿತು.

ಶಾಲೆಯ ವಿಷಯಕ್ಕೆ ಬಂದರೆ ಮೊದಲನೆಯ ಗೋಳು ಬರವಣಿಗೆಯದು. ಬುದ್ಧಿಯಲ್ಲಿ ಕಡಮೆಯಿಲ್ಲದೆ, ಕೈಕಾಲುಗಳ ಹೊಂದಿಕೆ ಮಾತ್ರ ವಯಸ್ಸಿಗೆ ತಕ್ಕಂತೆ ಬಾರದ ಮಕ್ಕಳು ನೂರಕ್ಕೆ ಐದಾರು ಮಂದಿ ಇರುವರೆಂದು ಲೆಕ್ಕ ಹಾಕಿರುವರು. ಎಂದರೆ ನಲವತ್ತು ಮಕ್ಕಳ ತರಗತಿಯಲ್ಲಿ ಇಬ್ಬರು. ಇವರಿಗೆ ಸೋಮಾರಿಗಳೆಂದೂ ಅಲಕ್ಷ್ಯಗಾರರೆಂದೂ ಹೆಸರಿಟ್ಟು, ಹತ್ತು ಸಲ ಬರೆಯುವ ಶಿಕ್ಷೆ ವಿಧಿಸುವುದು ಶಾಲೆಗಳಲ್ಲಿ ಬಹುಕಾಲದ ಪದ್ಧತಿ. ಬರೆಯಲಾರದವನಿಗೆ ಬರೆಯುವ ಶಿಕ್ಷೆ! ಅದರ ಬದಲು ಮೊದಲು ಮೇಜಿನ ಕೆಳಗೆ ಬಗ್ಗಿ ನೋಡುವುದು ಒಳ್ಳೆಯದು. ಕಾಲು ನೆಲಕ್ಕೆ ಎಟುಕದೆ ತೂಗಾಡುತ್ತಿದ್ದರೆ ಮೈ ನಿಲ್ಲದು. ಮೈ ನಿಲ್ಲದಿದ್ದರೆ ಬೆರಳು ನಿಲ್ಲದು. ಒಂದು ಮರದ ಮಣೆಯನ್ನೋ ಎರಡು ಇಟ್ಟಿಗೆಗಳನ್ನೋ ಕಾಲ ಕೆಳಗಿಟ್ಟರೆ ಖರ್ಚೇನೂ ಇಲ್ಲ. ಸೀಸದಕಡ್ಡಿಯನ್ನು ಮೂರೇ ಬೆರಳುಗಳಲ್ಲಿ ಹಿಡಿಯಬೇಕೆಂಬ ಹಟವೂ ಅನಾವಶ್ಯಕ. ನಾಲ್ಕು ಬೆರಳುಗಳಲ್ಲಿ ಹಿಡಿದವರೂ ಅಷ್ಟೇ ಸ್ಫುಟವಾಗಿ, ಅಷ್ಟೇ ಬೇಗ ಬರೆಯುವರೆಂದು ಪರೀಕ್ಷಿಸಿ ಕಂಡಿರುವರು. ನೋವಾಗದಿದ್ದರೆ ಹಿಡಿತವನ್ನು ಅದರ ಪಾಡಿಗೆ ಬಿಡಬಹುದು.

ನಮ್ಮ ಲಿಪಿಗಾದರೋ ತನ್ನದೇ ಆದ ಕಷ್ಟವಿದೆ. ಕನ್ನಡದ ಅಕ್ಷರ ದುಂಡು. ಬೆರಳು ಎತ್ತದೆ ಸುತ್ತಿ ಬರಬೇಕು. ತಲೆಕಟ್ಟು ಮೇಲೆ, ಒತ್ತಕ್ಷರ ಗೆರೆಯ ಕೆಳಗೆ. ಇಂಗ್ಲಿಷಿನ ಗೀಟುಗಳಲ್ಲಿ ತಕ್ಕಮಟ್ಟಿಗೆ ಬರೆಯುವ ಮಗು ‘ಸ್ತ್ರೀ’ ಎಂದು ಬರೆಯುವಾಗ ಮೂರು ಅಂತಸ್ತುಗಳಲ್ಲಿ ಹತ್ತಿ ಇಳಿಯಬೇಕಾಗುವುದು. ಹಿಂದೆ ಕೂಲಿಮಠಗಳಲ್ಲಿ ಮರಳಿನ ಮೇಲೆ ಬೆರಳಿನಿಂದಲೇ ತಿದ್ದಿಸುತ್ತಿದ್ದರು; ಅಕ್ಷರದ ಆಕಾರ ಬೆರಳಿಗೆ ತಟ್ಟುತ್ತಿತ್ತು. ನಮ್ಮ ಹಿರಿಯರಿಗೆ ಎಲ್ಲವೂ ತಿಳಿದಿತ್ತೆಂದು ಎದೆಯುಬ್ಬಿಸುವವರ ಗುಂಪಿಗೆ ನಾವು ಸೇರಿದವರಲ್ಲ. ಆ ಮಠಗಳ ಬೆತ್ತವೂ ನಮಗೆ ಗೊತ್ತು. ಆದರೂ ಮರಳ ತಟ್ಟೆ ಈಗಲೂ ಕೆಲಸಕ್ಕೆ ಬರುವ ವಸ್ತುವೇ. ಅದರಿಂದ ಹಾಳೆಗೆ ಇಳಿಯುವುದನ್ನು ಮಾತ್ರ ಮರೆಯಬಾರದು.

ಕಾನೂನಿನ ಸಹಾಯವೂ ಇರುವುದು. 2016ರಲ್ಲಿ ಆದ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸಿದೆ. ಸೆರೆಬ್ರಲ್ ಪಾಲ್ಸಿ, ಆಟಿಸಂ, ಕಲಿಕೆಯ ನ್ಯೂನತೆಗಳು ಅದರಲ್ಲಿ ಸೇರಿವೆ. ಪರೀಕ್ಷೆಯಲ್ಲಿ ಹೆಚ್ಚು ವೇಳೆ, ಹೇಳಿದ್ದನ್ನು ಬರೆಯುವ ಲಿಪಿಕಾರ, ಎರಡನೆಯ ಮತ್ತು ಮೂರನೆಯ ಭಾಷೆಗಳಿಂದ ವಿನಾಯಿತಿ ಇವು ಆ ಕಾಯಿದೆಯಲ್ಲಿಯೇ ಕಾಣಿಸಿದ ಸೌಕರ್ಯಗಳು. ಹತ್ತನೆಯ ತರಗತಿಯ ಪರೀಕ್ಷೆ ಎದುರಿಗೆ ಬಂದಾಗ ಪ್ರಮಾಣಪತ್ರಕ್ಕಾಗಿ ಓಡಾಡುವವರನ್ನು ನಾವು ಪ್ರತಿವರ್ಷವೂ ಕಾಣುತ್ತೇವೆ. ಅಷ್ಟು ತಡಮಾಡತಕ್ಕದ್ದಲ್ಲ.

ಮನೆಯ ಮಾತು ಎಲ್ಲಕ್ಕಿಂತ ಸೂಕ್ಷ್ಮವಾದುದು. ಅಲ್ಲಿ ಮಗುವಿಗೆ ಅಡ್ಡಬರುವುದು ಕಾಠಿನ್ಯವಲ್ಲ, ಕನಿಕರ. “ಪಾಪ, ಅದರ ಕೈಯಲ್ಲಿ ಆಗುವುದಿಲ್ಲ” ಎಂದು ಒಂಬತ್ತು ವರ್ಷದವನಿಗೂ ತುತ್ತು ಹಾಕುವ ಪ್ರೀತಿಯನ್ನು ತಪ್ಪೆನ್ನಲು ಯಾರಿಗೂ ಬಾಯಿ ಬಾರದು. ಬೆಳಗ್ಗೆ ಶಾಲೆಯ ಗಾಡಿ ಬೀದಿಯಲ್ಲಿ ಕೂಗುತ್ತಿರುವಾಗ ಮಗು ತಾನೇ ಗುಂಡಿ ಹಾಕಿಕೊಳ್ಳಲಿ ಎಂದು ಕಾದುನಿಲ್ಲುವುದೂ ಆಗದ ಮಾತು. ಅದಕ್ಕೆ ಭಾನುವಾರವಿದೆ, ಸಂಜೆಯಿದೆ. ಚಿಕಿತ್ಸಕರು ಹೇಳಿಕೊಡುವ ಉಪಾಯವೊಂದುಂಟು: ಕೆಲಸವನ್ನು ಕೊನೆಯಿಂದ ಕಲಿಸುವುದು. ಚಡ್ಡಿಯನ್ನು ಸೊಂಟದ ಹತ್ತಿರದವರೆಗೆ ನಾವೇ ಏರಿಸಿ, ಕೊನೆಯ ಎರಡಂಗುಲ ಮಗು ಎಳೆದುಕೊಳ್ಳಲಿ. ಅದು ಬಂದಮೇಲೆ ತೊಡೆಯಿಂದ, ಆಮೇಲೆ ಮೊಣಕಾಲಿನಿಂದ. ಪ್ರತಿಸಲವೂ ಕೆಲಸವನ್ನು ಮುಗಿಸಿದವರು ಮಗುವೇ ಆಗುವರು. ಅಂಗಿ ತೊಡುವಾಗ ಸೋತ ಕೈಯನ್ನು ಮೊದಲು ತೋಳಿಗೆ ತೂರಿಸಬೇಕು, ಬಿಚ್ಚುವಾಗ ಚೆನ್ನಾಗಿರುವ ಕೈ ಮೊದಲು. ಇಷ್ಟು ತಿಳಿದರೆ ಅರ್ಧ ಗುದ್ದಾಟ ಕಡಮೆ.

ಅವರೆಕಾಯಿಯ ಕಾಲದಲ್ಲಿ ನಮ್ಮ ಕಡೆಯ ಮನೆಗಳಲ್ಲಿ ಎಲ್ಲರೂ ಮೊರ ಮುಂದಿಟ್ಟುಕೊಂಡು ಕೂರುವರಷ್ಟೆ. ಕಾಯಿ ಹಿಡಿಯಲೊಂದು ಕೈ, ಬಿಡಿಸಲೊಂದು ಕೈ. ನೆನೆದ ಕಾಳನ್ನು ಹಿಸುಕಿ ಸಿಪ್ಪೆ ಜಾರಿಸಲು ಹೆಬ್ಬೆರಳು ತೋರುಬೆರಳು. ಅಳಗುಳಿಮಣೆಯಲ್ಲಿ ಹಿಡಿ ಹುಣಿಸೆಬೀಜದಿಂದ ಒಂದೊಂದನ್ನೇ ಬೆರಳ ತುದಿಗೆ ತಂದು ಬಿಡುವುದು ಎಷ್ಟು ನಯವಾದ ಕೆಲಸವೆಂಬುದು ಅದು ಆಗದವರನ್ನು ನೋಡಿದಾಗಲೇ ತಿಳಿಯುವುದು. ಈ ಸಾಲಿನಲ್ಲಿ ಆ ಮಗುವಿಗೂ ಒಂದು ಮಣೆ ಹಾಕಿರಿ. ಆದರೆ ಅದನ್ನು ಔಷಧವಾಗಿ ಮಾಡಬೇಡಿರಿ. ಎಣಿಸಿ ಇಪ್ಪತ್ತು ಕಾಯಿ ಬಿಡಿಸಲೇಬೇಕೆಂದು ಕಾವಲು ಕುಳಿತರೆ ಮನೆಯೂ ಆಸ್ಪತ್ರೆಯಾಗುವುದು. ಅವನು ಬಿಡಿಸಿದ ಎಂಟು ಕಾಯಿಯೂ ರಾತ್ರಿಯ ಸಾರಿಗೆ ಬೀಳಲಿ, ಅಷ್ಟೇ.

ತಾಯಿಯೊಬ್ಬಳ ತಲೆಯ ಮೇಲೆ ಇದೆಲ್ಲವನ್ನೂ ಹೇರುವುದನ್ನು ನಾವು ಒಪ್ಪುವುದಿಲ್ಲ. ಅಡಿಗೆ, ಅತ್ತೆಮಾವಂದಿರ ಆರೈಕೆ, ಅನೇಕರಿಗೆ ಕಛೇರಿಯ ಕೆಲಸ, ಅದರ ಮೇಲೆ ಹನ್ನೆರಡು ಬಗೆಯ ವ್ಯಾಯಾಮಗಳ ಪಟ್ಟಿ! ಮೂರು ತಿಂಗಳಿಗೆ ಒಂದೋ ಎರಡೋ ಗುರಿ ಸಾಕು. ಸ್ನಾನವನ್ನು ತಂದೆ ವಹಿಸಿಕೊಳ್ಳಬಹುದು, ಆಟವನ್ನು ಅಜ್ಜ.

ಹಣದ ವಿಷಯದಲ್ಲಿ ಎಚ್ಚರವಿರಲಿ. ಇಂದ್ರಿಯಗಳಿಂದ ಬರುವ ಅರಿವನ್ನು ಮಿದುಳು ಹೊಂದಿಸಿಕೊಳ್ಳುವ ಬಗೆಯನ್ನು ಕುರಿತು ಅಮೆರಿಕದ ಜೀನ್ ಏರ್ಸ್ ಎಂಬ ವಿದುಷಿ 1972ರಲ್ಲಿ ಪ್ರಕಟಿಸಿದ ಗ್ರಂಥದಿಂದ, ಉಯ್ಯಾಲೆ ಮುಂತಾದ ಸಾಧನಗಳ ಚಿಕಿತ್ಸೆ ಬಹಳ ಪ್ರಚಾರಕ್ಕೆ ಬಂದಿತು. ಕೆಲವು ಮಕ್ಕಳಿಗೆ ಅದರಿಂದ ಉಪಕಾರವಾಗುವುದು. ಎಲ್ಲ ಮಕ್ಕಳಿಗೂ ಎಲ್ಲ ತೊಂದರೆಗಳಿಗೂ ಅದೇ ಮದ್ದೆಂಬುದಕ್ಕೆ ಆಧಾರ ಸಾಲದು. ಬಣ್ಣಬಣ್ಣದ ಕೊಠಡಿ ತೋರಿಸಿ ದೊಡ್ಡ ಶುಲ್ಕ ಕೇಳುವವರನ್ನು, “ಇಂದು ಇವನಿಗೆ ಆಗದ ಯಾವ ಕೆಲಸ ಮೂರು ತಿಂಗಳಿಗೆ ಆಗುವುದು?” ಎಂದು ಕೇಳಿರಿ. ಉತ್ತರ ಸ್ಪಷ್ಟವಾಗಿರದಿದ್ದರೆ ಎದ್ದು ಬರಬಹುದು. ಸರ್ಕಾರದವರು 2013ರಿಂದ ನಡೆಸುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿಗಳಲ್ಲಿಯೂ ಸರ್ಕಾರಿ ಶಾಲೆಗಳಲ್ಲಿಯೂ ಮಕ್ಕಳನ್ನು ಪರೀಕ್ಷಿಸಿ, ತೊಂದರೆಯುಳ್ಳವರನ್ನು ಜಿಲ್ಲಾ ಮಟ್ಟದ ಕೇಂದ್ರಗಳಿಗೆ ಕಳುಹಿಸುವ ಏರ್ಪಾಡಿರುವುದು, ಅಲ್ಲಿ ಖರ್ಚಿಲ್ಲ. ಮೊದಲು ಅಲ್ಲಿ ವಿಚಾರಿಸುವುದು ಲೇಸು.

ಕೊನೆಗೊಂದು ಸಣ್ಣ ಸಲಹೆ. ಒಂದು ನೋಟುಪುಸ್ತಕವನ್ನು ಮಗುವಿನ ಚೀಲದಲ್ಲಿಡಿರಿ. ಆಸ್ಪತ್ರೆಯವರು, ಉಪಾಧ್ಯಾಯರು, ಮನೆಯವರು ಮೂವರೂ ಅದರಲ್ಲಿಯೇ ಬರೆಯಲಿ. ದೊಡ್ಡ ವರದಿ ಬೇಡ. “ಇಂದು ನೀರಿನ ಸೀಸೆ ತಾನೇ ತೆರೆದ”, “ಹೊಸ ಪಾದರಕ್ಷೆಯ ಪಟ್ಟಿ ಬಿಗಿ, ಹಾಕಿಕೊಳ್ಳಲಾರ”, “ಒತ್ತಕ್ಷರಕ್ಕೆ ಅಗಲ ಗೆರೆಯ ಹಾಳೆ ಕೊಡಿ” ಎಂಬಷ್ಟು ಸಾಕು. ಮಗುವಿನ ಕೈಬರೆಹ ಸ್ವಲ್ಪ ಕುದುರಿದ ಮೇಲೆ ನಾಲ್ಕನೆಯ ಸಾಲನ್ನು ಅದಕ್ಕೇ ಬಿಟ್ಟುಕೊಡಿರಿ. ನಮ್ಮ ಪರಿಚಯದ ಹುಡುಗಿ ತನ್ನ ಪುಸ್ತಕದಲ್ಲಿ ಈಚೆಗೆ ಬರೆದ ಸಾಲು, ನಾಳೆ ಡಬ್ಬಿಗೆ ಉಪ್ಪಿಟ್ಟು ಬೇಡವೆಂದು.