ನೆರವಿನ ಹಣ, ನಾಡಿನ ಕಥೆ

ಅಭಿವೃದ್ಧಿಶೀಲ ದೇಶಗಳಿಗೆ ಹೊರನಾಡಿನ ನೆರವೆಂದೊಡನೆ ನಮಗೆ ನೆನಪಾಗುವುದು ಅಣೆಕಟ್ಟು, ರಸ್ತೆ, ಗೊಬ್ಬರ. 1952ರಲ್ಲಿ ದೆಹಲಿಯಲ್ಲಿ ಕಚೇರಿ ತೆರೆದ ಅಮೆರಿಕದ ಫೋರ್ಡ್ ಪ್ರತಿಷ್ಠಾನವೂ ಮೊದಲು ಕೈಹಾಕಿದ್ದು ಗ್ರಾಮಾಭಿವೃದ್ಧಿಗೆ. ಮುಂದೆ 1980ರ ದಶಕದಲ್ಲಿ ಅದರ ನೆರವು ಉಡುಪಿಯ ಎಂ.ಜಿ.ಎಂ. ಕಾಲೇಜಿನ ಜಾನಪದ ರಂಗಕಲೆಗಳ ಕೇಂದ್ರಕ್ಕೂ ಒದಗಿತು.

ವಿದ್ವತ್ತಿನ ನೆರವೂ ಬಂದುದುಂಟು. ನಾನಿರುವ ಮಗ್ಗೆಯಿಂದ ಪಶ್ಚಿಮಕ್ಕೆ ಹೊರಟು ಶಿರಾಡಿ ಘಾಟಿಯನ್ನಿಳಿದರೆ ತುಳುನಾಡು. ಅಲ್ಲಿ ಬೆಳ್ತಂಗಡಿ ಸೀಮೆಯ ಗೋಪಾಲ ನಾಯ್ಕರು 1990ರಲ್ಲಿ ಹಾಡಿದ ಸಿರಿ ಕಾವ್ಯವನ್ನು ಫಿನ್ಲೆಂಡಿನ ಲೌರಿ ಹಾಂಕೊ ಅವರು ವಿವೇಕ ರೈ, ಚಿನ್ನಪ್ಪ ಗೌಡರೊಡನೆ ದಾಖಲಿಸಿಕೊಂಡರು. ಅದರ 15,683 ಸಾಲುಗಳು 1998ರಲ್ಲಿ ಹೆಲ್ಸಿಂಕಿಯಲ್ಲಿ ಅಚ್ಚಾದುವು.

ಈ ಋಣ ಸಣ್ಣದಲ್ಲ. ಆದರೆ ಘಟ್ಟದ ಮೇಲಿನ ನಮ್ಮ ಸೀಮೆಯಲ್ಲಿ ತಂಬೂರಿ ಕಥೆಗಾರನನ್ನು ಸಾಕಿದ್ದು ಸುಗ್ಗಿಯಲ್ಲಿ ಅವನ ಜೋಳಿಗೆಗೆ ಬೀಳುತ್ತಿದ್ದ ಮನೆಮನೆಯ ರಾಗಿ. ಅದು ವರ್ಷವರ್ಷವೂ ನಡೆದು ಬಂದ ಕಟ್ಟಳೆ, ಯೋಜನೆಗಾದರೋ ಅವಧಿಯುಂಟು. ಧ್ವನಿಮುದ್ರಣ ಕಥೆಯನ್ನು ಉಳಿಸೀತು. ರಾತ್ರಿಯೆಲ್ಲ ಕುಳಿತು ಹೂಂಗುಟ್ಟುವವರನ್ನು ಉಳಿಸಲಾರದು. ಕೇಳುವವರಿಲ್ಲದ ಕಥೆಯನ್ನು ಕಥೆಗಾರನ ಮಗ ಏಕೆ ಕಲಿತಾನು?

ಕೇಳುಗರನ್ನು ಯಾವ ದೇಶವೂ ನಮಗೆ ದಾನವಾಗಿ ಕಳುಹಿಸದು. ನಮ್ಮ ಒಂದೊಂದು ಕಾಲೇಜೂ ವರ್ಷಕ್ಕೊಂದು ಇಡೀ ರಾತ್ರಿಯನ್ನು, ತಕ್ಕ ಸಂಭಾವನೆಯೊಡನೆ, ಸುತ್ತಲಿನ ಕಥೆಗಾರರಿಗೆ ಮೀಸಲಿಡಲಿ. ಅಷ್ಟಕ್ಕೆ ಹೊರಗಿನ ಹಣ ಬೇಕಿಲ್ಲ.