ಯೋಜನಾಪಟ್ಟಿ ಹೊರಗಿನವರು ಬರೆಯಲಿ, ದಾಖಲೆ ನಮ್ಮ ಕೈಯಲ್ಲಿರಲಿ

ಮೋಟೆಬೆನ್ನೂರಿನ ಸುತ್ತಲಿನ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ತಾಲ್ಲೂಕುಗಳಿಗೆ ದೊಡ್ಡ ಕಾಮಗಾರಿಗಳು ಹೊಸವಲ್ಲ. ಸುವರ್ಣ ಚತುಷ್ಪಥ ಯೋಜನೆಯಲ್ಲಿ ಪುಣೆ–ಬೆಂಗಳೂರು ಹೆದ್ದಾರಿ ಅಗಲವಾಯಿತು. ಆಗ ಅದರ ನಂಬರು 4, ಈಗ 48. ಗಾಜನೂರಿನಿಂದ ಹೊರಟ ತುಂಗಾ ಮೇಲ್ದಂಡೆ ಕಾಲುವೆ ಶಿವಮೊಗ್ಗ, ದಾವಣಗೆರೆ ದಾಟಿ ನಮ್ಮ ಹಾವೇರಿ ಜಿಲ್ಲೆಗೂ ಬಂತು. ಹುಬ್ಬಳ್ಳಿ–ಚಿಕ್ಕಜಾಜೂರು ರೈಲು ಮಾರ್ಗಕ್ಕೆ ಜೋಡಿ ಹಳಿ ಬಿತ್ತು. ಏಷ್ಯನ್ ಅಭಿವೃದ್ಧಿ ಬ್ಯಾಂಕ್ 2014ರಲ್ಲಿ ಒಪ್ಪಿದ 15 ಕೋಟಿ ಡಾಲರ್ ಸಾಲದ ನಗರ ನೀರು ನಿರ್ವಹಣಾ ಕಾರ್ಯಕ್ರಮದ ಮೊದಲ ಕಂತಿನಲ್ಲೇ ದಾವಣಗೆರೆ, ಹರಿಹರದ ಜೊತೆಗೆ ರಾಣೆಬೆನ್ನೂರು, ಬ್ಯಾಡಗಿಯೂ ಸೇರಿದವು. ಜನ ಅದನ್ನು ಜಲಸಿರಿ ಎಂದು ಕರೆಯುತ್ತಾರೆ.

ಈ ಕಾಮಗಾರಿಗಳ ಬೆನ್ನಿಗೇ ಒಂದು ವಾದವೂ ಬೆಳೆದಿದೆ. ಕೆಲಸದ ಯೋಜನಾಪಟ್ಟಿ ತಯಾರಿಸುವುದು, ದಾಖಲೆ ನಿರ್ವಹಿಸುವುದು ಇವನ್ನೆಲ್ಲ ಹೊರಗಿನ ಸಲಹಾ ಸಂಸ್ಥೆಗಳಿಗೆ ಒಪ್ಪಿಸಬಾರದು, ಅದು ದುಡ್ಡಿನ ದಂಡ, ನಮ್ಮ ಅಧಿಕಾರವನ್ನು ಬೇರೆಯವರಿಗೆ ಕೊಟ್ಟಂತೆ ಎಂದು ಪುರಸಭೆಯ ಸದಸ್ಯರು ಹೇಳುತ್ತಾರೆ, ನಿವೃತ್ತ ಇಂಜಿನಿಯರುಗಳು ಹೇಳುತ್ತಾರೆ, ಗುತ್ತಿಗೆದಾರರೂ ಹೇಳುತ್ತಾರೆ. ಅವರ ಕಾಳಜಿ ನಿಜವಾದದ್ದು. ತೀರ್ಮಾನ ಮಾತ್ರ ತಪ್ಪು. ನನ್ನ ನಿಲುವು ಇದು: ಕೆಲಸವನ್ನು ಒಪ್ಪಿಸಬೇಕು, ನಿರ್ಧಾರವನ್ನೂ ದಾಖಲೆಯ ಒಡೆತನವನ್ನೂ ಒಪ್ಪಿಸಬಾರದು. ಅವರ ಆಕ್ಷೇಪಗಳಿಗೆ ಒಂದೊಂದಾಗಿ ಉತ್ತರಿಸುತ್ತೇನೆ.

ಮೊದಲು, ಈ ಸೇವೆ ಯಾವುದು ಎಂಬುದು ಸ್ಪಷ್ಟವಾಗಲಿ. ಯೋಜನಾಪಟ್ಟಿ ಎಂದರೆ ಗೋಡೆಗೆ ಅಂಟಿಸುವ ಬಣ್ಣದ ಬಾರ್ ಚಾರ್ಟ್ ಅಲ್ಲ. ಇಡೀ ಕಾಮಗಾರಿಯನ್ನು ಸಣ್ಣ ಸಣ್ಣ ಕೆಲಸಗಳಾಗಿ ಬಿಡಿಸಿ, ಯಾವುದರ ನಂತರ ಯಾವುದು, ಒಂದೊಂದಕ್ಕೆ ಎಷ್ಟು ದಿನ, ಯಾವ ಕೆಲಸ ತಡವಾದರೆ ಇಡೀ ಯೋಜನೆಯೇ ತಡವಾಗುತ್ತದೆ ಎಂಬುದನ್ನು ಲೆಕ್ಕ ಹಾಕಿ, ತಿಂಗಳು ತಿಂಗಳು ನಿಜಸ್ಥಿತಿಯೊಂದಿಗೆ ಹೋಲಿಸುವುದು. ಇದಕ್ಕೆ ಬಳಸುವ ಕ್ರಿಟಿಕಲ್ ಪಾತ್ ವಿಧಾನ 1957ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ರೂಪುಗೊಂಡಿತು. ಅದಕ್ಕೆ ಡುಪಾಂಟ್ ಕೂಡ ರೆಮಿಂಗ್ಟನ್ ರ‍್ಯಾಂಡ್ ಎಂಬ ಹೊರಗಿನ ಕಂಪನಿಯ ಪರಿಣತರ ನೆರವು ಪಡೆದಿತ್ತು. ದಾಖಲೆ ನಿರ್ವಹಣೆ ಎಂದರೆ ಪ್ರತಿಯೊಂದು ಡ್ರಾಯಿಂಗಿಗೆ ನಂಬರು, ಪ್ರತಿ ತಿದ್ದುಪಡಿಗೆ ರಿವಿಜನ್ ಗುರುತು, ಯಾರಿಗೆ ಯಾವ ದಿನ ತಲುಪಿತು ಎಂಬ ಸಹಿ, ರದ್ದಾದ ಪ್ರತಿಯನ್ನು ಸೈಟಿನಿಂದ ವಾಪಸು ಪಡೆಯುವ ಶಿಸ್ತು. ಪತ್ರಗಳು, ಪರೀಕ್ಷಾ ವರದಿಗಳು, ಅಳತೆ ಪುಸ್ತಕ ಎಲ್ಲವೂ ಕೇಳಿದ ಗಳಿಗೆಯಲ್ಲಿ ಕೈಗೆ ಸಿಗುವಂತಿರಬೇಕು.

ಮೊದಲ ಆಕ್ಷೇಪ: ಇದು ದುಡ್ಡಿನ ದಂಡ.

ಸಲಹೆಗಾರರ ಶುಲ್ಕ ಬಿಲ್ಲಿನಲ್ಲಿ ಒಂದು ಸಾಲಾಗಿ ಕಾಣುತ್ತದೆ. ಯೋಜನೆ ಇಲ್ಲದ್ದರಿಂದ ಆಗುವ ನಷ್ಟ ಹತ್ತು ಕಡೆ ಹಂಚಿಹೋಗುವುದರಿಂದ ಕಣ್ಣಿಗೆ ಬೀಳುವುದಿಲ್ಲ. ನಮ್ಮ ಭಾಗದ ಉದಾಹರಣೆಯನ್ನೇ ನೋಡಿ. ತುಂಗಾ ಮೇಲ್ದಂಡೆ 3 ಜಿಲ್ಲೆಗಳ 80 ಸಾವಿರ ಹೆಕ್ಟೇರಿಗೂ ಹೆಚ್ಚು ಜಮೀನಿಗೆ ನೀರು ಕೊಡಲು ಹೊರಟ ಯೋಜನೆ. ಇಂಥ ಯೋಜನೆಯಲ್ಲಿ ಕಾಲುವೆ ಅಗೆಯುವುದಕ್ಕಿಂತ ಮೊದಲು ರೈತರ ಜಮೀನು ಸ್ವಾಧೀನವಾಗಬೇಕು, ಪರಿಹಾರ ಕೈಸೇರಬೇಕು. 1894ರ ಭೂಸ್ವಾಧೀನ ಕಾಯ್ದೆಯಲ್ಲೂ 2013ರ ಹೊಸ ಕಾಯ್ದೆಯಲ್ಲೂ ಪರಿಹಾರ ತಡವಾದರೆ ಮೊದಲ ವರ್ಷ ಶೇ 9, ಆಮೇಲೆ ಶೇ 15ರಂತೆ ಬಡ್ಡಿ ಕೊಡಬೇಕು. ಸ್ವಾಧೀನದ ಹಂತಗಳನ್ನು ಯೋಜನಾಪಟ್ಟಿಗೆ ಸೇರಿಸದೆ ಕಾಲುವೆಯ ಟೆಂಡರ್ ಮಾತ್ರ ಕರೆದರೆ ಆ ಬಡ್ಡಿ ಬೆಳೆಯುತ್ತಲೇ ಹೋಗುತ್ತದೆ. ಅದನ್ನು ತುಂಬುವುದು ಸರ್ಕಾರದ ಬೊಕ್ಕಸ, ಅಂದರೆ ನಾವೇ. ಇತ್ತ ರೈತ ಜಮೀನು ಕಳೆದುಕೊಂಡು ಕೋರ್ಟಿಗೆ ಅಲೆಯುತ್ತಾನೆ. ಶುಲ್ಕ ದಂಡ ಎನ್ನುವವರು ಈ ಬಡ್ಡಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಗುತ್ತಿಗೆದಾರರಿಗೂ ಇದೇ ಮಾತು. ಇಲಾಖೆ ಜಾಗ ಬಿಟ್ಟುಕೊಟ್ಟದ್ದು ತಡ, ಡ್ರಾಯಿಂಗ್ ಬಂದದ್ದು ತಡ, ಆದರೂ ದಂಡ ಮಾತ್ರ ನಮಗೆ ಎಂಬ ಅವರ ದೂರು ಅನೇಕ ಸಲ ಸತ್ಯವೇ. ಆದರೆ ಅದನ್ನು ಸಾಬೀತು ಮಾಡಲು ದಿನಾಂಕವಿರುವ ಪತ್ರ ಬೇಕು. 1872ರ ಭಾರತೀಯ ಕರಾರು ಕಾಯ್ದೆಯ 55ನೇ ಕಲಂ ಪ್ರಕಾರ, ಸಮಯವೇ ಮುಖ್ಯವಾದ ಕರಾರಿನಲ್ಲಿ ತಡವಾದ ಕೆಲಸವನ್ನು ಒಪ್ಪಿಕೊಳ್ಳುವ ಪಕ್ಷ, ನಷ್ಟಕ್ಕೆ ಪರಿಹಾರ ಕೇಳುವುದಿದ್ದರೆ ಒಪ್ಪಿಕೊಳ್ಳುವಾಗಲೇ ನೋಟಿಸು ಕೊಟ್ಟಿರಬೇಕು. ಸರಿಯಾದ ದಿನ ಬರೆಯದ ಪತ್ರವನ್ನು ಆಮೇಲೆ ಯಾವ ವಕೀಲರೂ ಹುಟ್ಟಿಸಲಾರರು.

ಎರಡನೇ ಆಕ್ಷೇಪ: ವಿಶ್ವೇಶ್ವರಯ್ಯನವರ ನಾಡಿನ ಇಂಜಿನಿಯರುಗಳಿಗೆ ಹೊರಗಿನವರ ಪಾಠ ಏಕೆ?

ವಿಶ್ವೇಶ್ವರಯ್ಯನವರ ಹೆಸರು ಎತ್ತುವವರು ಅವರ ಬದುಕಿನ ಒಂದು ಅಧ್ಯಾಯವನ್ನು ನೆನೆಯಬೇಕು. 1908ರಲ್ಲಿ ಮೂಸಿ ನದಿಯ ಪ್ರವಾಹ ಹೈದರಾಬಾದನ್ನು ಕೊಚ್ಚಿಹಾಕಿದ ಮೇಲೆ, 1909ರಲ್ಲಿ ನಿಜಾಮರ ಸರ್ಕಾರ ಅವರನ್ನು ಕರೆಸಿಕೊಂಡದ್ದು ಸಲಹಾ ಇಂಜಿನಿಯರಾಗಿಯೇ. ಪ್ರವಾಹ ತಡೆಯುವ ಯೋಜನೆಯನ್ನು ಅವರು ರೂಪಿಸಿಕೊಟ್ಟರು, ಅಲ್ಲಿನ ಇಂಜಿನಿಯರುಗಳು ಅದನ್ನು ಕಟ್ಟಿ ನಿಲ್ಲಿಸಿದರು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಮುಗಿದವು. ಹೊರಗಿನ ಪರಿಣತನನ್ನು ಕರೆದದ್ದರಿಂದ ಹೈದರಾಬಾದಿನ ಇಂಜಿನಿಯರುಗಳ ಮಾನ ಹೋಗಲಿಲ್ಲ. ಅವರ ಕೆಲಸಕ್ಕೆ ದಾರಿ ಸಿಕ್ಕಿತು.

ನಮ್ಮ ಇಲಾಖೆಗಳ ಜೆಇ, ಎಇಇ ದರ್ಜೆಯ ಇಂಜಿನಿಯರುಗಳಿಗೆ ತಿಳುವಳಿಕೆ ಇಲ್ಲ ಎಂದು ನಾನು ಹೇಳುತ್ತಿಲ್ಲ. ಅವರಿಗೆ ಸಮಯವಿಲ್ಲ. ಎಸ್ಟಿಮೇಟು, ಅಳತೆ, ಬಿಲ್ಲು, ನೀರು ಬರಲಿಲ್ಲವೆಂಬ ದೂರು, ಸಭೆ, ಚುನಾವಣೆ ಬಂದರೆ ಚುನಾವಣಾ ಕೆಲಸ ಇವೆಲ್ಲ ಒಬ್ಬರ ಹೆಗಲ ಮೇಲಿರುವಾಗ ಪ್ರತಿವಾರ ಯೋಜನಾಪಟ್ಟಿ ತಿದ್ದುವವರು ಯಾರು? ಆ ಕೆಲಸಕ್ಕೇ ಮೀಸಲಾದ ಮನುಷ್ಯ ಬೇಕು. ಕಾಮಗಾರಿ ನಡೆಯುವ 2–3 ವರ್ಷಕ್ಕೆ ಮಾತ್ರ ಬೇಕಾಗುವ ಹುದ್ದೆಯನ್ನು ಕಾಯಂ ಸೃಷ್ಟಿಸುವುದು ಪುರಸಭೆಗೆ ಸಾಧ್ಯವಿಲ್ಲ. ಆದ್ದರಿಂದಲೇ ಹೊರಗಿನ ಸೇವೆ.

ಮೂರನೇ ಆಕ್ಷೇಪ: ಬೆಂಗಳೂರಿನಲ್ಲಿ ಕೂತವರಿಗೆ ನಮ್ಮ ನೆಲ ಗೊತ್ತಿಲ್ಲ.

ಇದು ನಿಜ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆ ಸೋಮವಾರ, ಗುರುವಾರ ಹೇಗೆ ತುಂಬುತ್ತದೆ, ಜನವರಿಯಿಂದ ಏಪ್ರಿಲ್‌ವರೆಗೆ ಆಂಧ್ರದ ಕಡೆಯ ಲಾರಿಗಳೂ ಸೇರಿ ರಸ್ತೆಗಳ ಪಾಡೇನು ಎಂಬುದು ಕಂಪ್ಯೂಟರಿಗೆ ತಾನಾಗಿ ತಿಳಿಯುವುದಿಲ್ಲ. ಮಳೆ ಬಿದ್ದ ಎರೆ ಹೊಲಕ್ಕೆ ಯಂತ್ರ ಇಳಿಸಲಾಗದು ಎಂಬುದೂ ತಿಳಿಯುವುದಿಲ್ಲ. ಆದರೆ ಈ ತಿಳಿವಳಿಕೆ ಈಗ ಎಲ್ಲಿದೆ? ನಮ್ಮವರ ತಲೆಯಲ್ಲಿದೆ, ಕಾಗದದ ಮೇಲೆ ಇಲ್ಲ. ಹೀಗಾಗಿಯೇ ಸುಗ್ಗಿಯಲ್ಲಿ ರಸ್ತೆ ಅಗೆದಾಗ ಯಾರನ್ನೂ ಹೊಣೆ ಮಾಡಲಾಗುವುದಿಲ್ಲ. ಮಾರುಕಟ್ಟೆಯ ದಿನ, ಮಳೆಯ ತಿಂಗಳು, ಜಾತ್ರೆ, ಕಾಲುವೆಗೆ ನೀರು ಬಿಡುವ ಅವಧಿ ಇವೆಲ್ಲ ಯೋಜನಾಪಟ್ಟಿಯ ಕ್ಯಾಲೆಂಡರಿನಲ್ಲಿ ಸೇರಿದ ದಿನ ಅವು ಬರೀ ಅಭಿಪ್ರಾಯವಾಗಿ ಉಳಿಯುವುದಿಲ್ಲ, ಕರಾರಿನ ಭಾಗವಾಗುತ್ತವೆ.

ಇದು ಹೊಸ ಕಲ್ಪನೆಯೂ ಅಲ್ಲ. 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ಮಾರ್ಗಸೂಚಿಯಲ್ಲೇ ಗ್ರಾಮ ಕ್ರಿಯಾಯೋಜನೆಯನ್ನು ಊರಿನ ನೀರು ಮತ್ತು ನೈರ್ಮಲ್ಯ ಸಮಿತಿ ಸಿದ್ಧಪಡಿಸಬೇಕು, ಹೊರಗಿನ ಬೆಂಬಲ ಸಂಸ್ಥೆ ನೆರವಾಗಬೇಕು, ಗ್ರಾಮಸಭೆ ಒಪ್ಪಬೇಕು ಎಂದಿದೆ. ಪರಿಣತಿ ಹೊರಗಿನದು, ಒಪ್ಪಿಗೆ ಊರಿನದು. ಇದೇ ಸರಿಯಾದ ಮಾದರಿ. ಆ ಒಪ್ಪಿಗೆ ನಿಜವಾಗಬೇಕಾದರೆ ಯೋಜನಾಪಟ್ಟಿಯ ಸಾರಾಂಶ ಕನ್ನಡದಲ್ಲಿರಬೇಕು. ಇಂಗ್ಲಿಷಿನ 300 ಪುಟದ ವರದಿಗೆ ಸದಸ್ಯರಿಂದ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಒಪ್ಪಿಗೆಯಲ್ಲ.

ನಾಲ್ಕನೇ ಆಕ್ಷೇಪ: ಸಲಹೆಗಾರರ ವಿಸ್ತೃತ ಯೋಜನಾ ವರದಿ (ಡಿಪಿಆರ್)‌ಗಳೇ ಕಳಪೆ.

ಆಕ್ಷೇಪಗಳಲ್ಲಿ ಹೆಚ್ಚು ತೂಕದ್ದು ಇದೇ. ಕೇಂದ್ರ ರಸ್ತೆ ಸಾರಿಗೆ ಸಚಿವ ನಿತಿನ್ ಗಡ್ಕರಿ ಅವರೇ ದೋಷಪೂರಿತ ಡಿಪಿಆರ್‌ಗಳು ರಸ್ತೆ ಅಪಘಾತಗಳಿಗೆ ಕಾರಣ ಎಂದು 2025ರಲ್ಲಿ ಬಹಿರಂಗವಾಗಿ ಹೇಳಿದರು. ಅವರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕಳಪೆ ವರದಿ ಹುಟ್ಟುವುದು ಎಲ್ಲಿ? ಅತಿ ಕಡಿಮೆ ದರ ಹಾಕಿದವರಿಗೇ ಕೆಲಸ ಕೊಟ್ಟಾಗ, ಅವರು ಸ್ಥಳಕ್ಕೆ ಬಾರದೆ ಹಳೆಯ ವರದಿಯ ಹೆಸರು ಬದಲಿಸಿ ಕೊಟ್ಟಾಗ, ಅದನ್ನು ಓದದೆ ನಾವು ಸಹಿ ಹಾಕಿದಾಗ. ಇದಕ್ಕೆ ಮದ್ದಿದೆ: ಗುಣಮಟ್ಟಕ್ಕೂ ದರಕ್ಕೂ ಅಂಕ ಕೊಟ್ಟು ಆಯ್ಕೆ ಮಾಡಬೇಕು, ಹಂತ ಮುಗಿದಂತೆ ಮಾತ್ರ ಹಣ ಕೊಡಬೇಕು, ತಪ್ಪಿಗೆ ದಂಡ ವಿಧಿಸಬೇಕು.

ಇಷ್ಟಕ್ಕೂ ಡಿಪಿಆರ್ ಬರೆಯುವವರು ಕಾಮಗಾರಿಗೆ ಮೊದಲೇ ಬಂದು ಹೋಗುತ್ತಾರೆ. ಯೋಜನಾಪಟ್ಟಿ ಮತ್ತು ದಾಖಲೆ ನೋಡಿಕೊಳ್ಳುವವರು ಕೆಲಸ ಮುಗಿಯುವವರೆಗೆ ಸೈಟಿನಲ್ಲೇ ಇರುತ್ತಾರೆ. ಡಿಪಿಆರ್ ತಪ್ಪಿದ್ದರೆ ಮೊದಲು ಗೊತ್ತಾಗುವುದು ಅವರಿಗೇ. ಯಾರ ಡ್ರಾಯಿಂಗ್ ತಪ್ಪಿತ್ತು, ಯಾವ ದಿನ ತಿದ್ದಿದರು, ತಿದ್ದುವ ಮುಂಚೆ ಎಷ್ಟು ಕೆಲಸ ನಡೆದಿತ್ತು ಎಂಬ ದಾಖಲೆ ಇದ್ದರಲ್ಲವೇ ತಪ್ಪಿತಸ್ಥರನ್ನು ಹಿಡಿಯುವುದು? ಕೆಟ್ಟ ಸಲಹೆಗಾರನನ್ನು ಶಿಕ್ಷಿಸುವುದಕ್ಕೂ ಒಳ್ಳೆಯ ದಾಖಲೆ ಬೇಕು.

ಐದನೇ ಆಕ್ಷೇಪ: ದಾಖಲೆ ಹೊರಗೆ ಹೋದರೆ ಪಾರದರ್ಶಕತೆ ಹೋಯಿತು.

2005ರ ಮಾಹಿತಿ ಹಕ್ಕು ಕಾಯ್ದೆ ಈ ಭಯಕ್ಕೆ ಉತ್ತರ ಕೊಟ್ಟಿದೆ. ಸಾರ್ವಜನಿಕ ಪ್ರಾಧಿಕಾರದ ಬಳಿ ಇರುವ ಮಾಹಿತಿಯಷ್ಟೇ ಅಲ್ಲ, ಅದರ ನಿಯಂತ್ರಣದಲ್ಲಿರುವ ಮಾಹಿತಿಯೂ ನಾಗರಿಕರ ಹಕ್ಕಿಗೆ ಒಳಪಡುತ್ತದೆ. ದಾಖಲೆಗಳನ್ನು ಪಟ್ಟಿ ಮಾಡಿ, ಸೂಚಿ ಹಾಕಿ ಇಡುವುದು 4ನೇ ಕಲಂ ಪ್ರಕಾರ ಪ್ರಾಧಿಕಾರದ ಕರ್ತವ್ಯ. ನಮ್ಮ ಎಷ್ಟು ಕಚೇರಿಗಳಲ್ಲಿ ಈ ಕರ್ತವ್ಯ ಪೂರ್ತಿ ನಡೆಯುತ್ತಿದೆ? "ಕಡತ ಸಿಗುತ್ತಿಲ್ಲ" ಎಂಬ ಉತ್ತರ ಕೇಳಿದವರಿಗೆ ಗೊತ್ತು. ಪಾರದರ್ಶಕತೆ ಸಾಯುವುದು ಕಡತ ಯಾರ ಕೈಗೂ ಸಿಗದಾಗ.

ಕಡತ ಒಂದೇ ಕಡೆ ಇರುವುದೂ ಅಪಾಯವೇ. 2024ರ ಮಾರ್ಚ್ 11ರಂದು ಮೆಣಸಿನಕಾಯಿ ದರ ಕುಸಿದ ಸಿಟ್ಟು ಬ್ಯಾಡಗಿ ಎಪಿಎಂಸಿ ಕಚೇರಿಯ ಮೇಲೆ ತಿರುಗಿತು, ವಾಹನಗಳು ಸುಟ್ಟವು. ಒಂದೇ ಕಟ್ಟಡದ ಒಂದೇ ಕಪಾಟಿನಲ್ಲಿರುವ ದಾಖಲೆ ಎಷ್ಟು ಭದ್ರ ಎಂದು ಆ ದಿನದ ಮೇಲಾದರೂ ನಾವು ಯೋಚಿಸಬೇಕಿತ್ತು. ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ 2020ರಲ್ಲಿ ಡೇಟಾ ಲೇಕ್ ಎಂಬ ವ್ಯವಸ್ಥೆ ತಂದು ಗುತ್ತಿಗೆದಾರ, ಸಲಹೆಗಾರ, ಅಧಿಕಾರಿ ಎಲ್ಲರ ಪತ್ರ ವ್ಯವಹಾರವನ್ನೂ ಆನ್‌ಲೈನಿಗೆ ಸೇರಿಸಿತು. ಅಲ್ಲಿ ಕೆಲಸ ಮಾಡುವವರು ಹೊರಗಿನವರಿರಬಹುದು, ವ್ಯವಸ್ಥೆ ಪ್ರಾಧಿಕಾರದ್ದು. ಮೋಟೆಬೆನ್ನೂರಿನ ಬದಿಯಲ್ಲೇ ಹಾದುಹೋಗುವ ಹೆದ್ದಾರಿಗೆ ಸಾಧ್ಯವಾದದ್ದು ಬ್ಯಾಡಗಿ ಪುರಸಭೆಗೆ ಏಕೆ ಸಾಧ್ಯವಿಲ್ಲ? 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಂತೆ ಕೋರ್ಟಿಗೆ ವಿದ್ಯುನ್ಮಾನ ದಾಖಲೆ ಒಪ್ಪಿಸುವಾಗ ಪ್ರಮಾಣಪತ್ರವೂ ಬೇಕು. ಅದನ್ನು ಅಚ್ಚುಕಟ್ಟಾಗಿ ಮಾಡಲು ಪರಿಣತ ಕೈ ಅಗತ್ಯ.

ಆರನೇ ಆಕ್ಷೇಪ: ನಮ್ಮ ಹುಡುಗರ ಕೆಲಸ ಹೋಗುತ್ತದೆ.

ರಾಣೆಬೆನ್ನೂರಿನಲ್ಲಿ ತರಳಬಾಳು ಜಗದ್ಗುರು ಇಂಜಿನಿಯರಿಂಗ್ ಕಾಲೇಜಿದೆ, ಹಾವೇರಿಯ ದೇವಗಿರಿಯಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿದೆ. ಅಲ್ಲಿ ಓದಿದವರಲ್ಲಿ ಅನೇಕರು ಇದೇ ಹೆದ್ದಾರಿ ಹಿಡಿದು ಬೆಂಗಳೂರಿಗೋ ಪುಣೆಗೋ ಹೋಗುತ್ತಾರೆ. ಯೋಜನಾಪಟ್ಟಿಯ ಪ್ರೈಮಾವೆರಾ ತಂತ್ರಾಂಶ ಕಲಿತ ಯೋಜಕ, ದಾಖಲೆ ನಿಯಂತ್ರಕ ಇವು ಇಂದು ಊರಲ್ಲಿ ಇಲ್ಲದ ಹುದ್ದೆಗಳು. ಇಲ್ಲದ ಕೆಲಸ ಹೋಗುವುದು ಹೇಗೆ? ಬದಲಿಗೆ ಕರಾರಿನಲ್ಲೇ ಷರತ್ತು ಹಾಕಬೇಕು: ಸೈಟಿನ ದಾಖಲೆ ಸಿಬ್ಬಂದಿ ಸ್ಥಳೀಯ ಪದವೀಧರರು, ಡಿಪ್ಲೊಮಾದವರು ಆಗಿರಬೇಕು, ಅವರಿಗೆ ತರಬೇತಿ ಕೊಡುವುದು ಸಂಸ್ಥೆಯ ಹೊಣೆ. ಮುಂದಿನ ಸಲದ ಸಲಹಾ ಸಂಸ್ಥೆ ರಾಣೆಬೆನ್ನೂರಿನದೇ ಆಗಲಿ.

ಏಳನೇ ಆಕ್ಷೇಪ: ಸಣ್ಣ ಕೆಲಸಕ್ಕೆ ಇಷ್ಟೆಲ್ಲ ಏಕೆ?

ಬೇಡ. 20 ಲಕ್ಷದ ಸಿಸಿ ರಸ್ತೆಗೆ ಪ್ರತ್ಯೇಕ ಸಲಹೆಗಾರ ಬೇಡವೇ ಬೇಡ. ಆದರೆ ಒಂದು ತಾಲ್ಲೂಕಿನ ಹತ್ತಾರು ಪಂಚಾಯ್ತಿಗಳ ಕೆಲಸಗಳನ್ನು ಒಟ್ಟು ಮಾಡಿ ಒಂದೇ ತಂಡಕ್ಕೆ ಒಪ್ಪಿಸಬಹುದು. ಖರ್ಚು ಹಂಚಿಹೋಗುತ್ತದೆ, ಶಿಸ್ತು ಎಲ್ಲರಿಗೂ ಬರುತ್ತದೆ.

ಉಳಿದದ್ದು ಜವಾಬ್ದಾರಿಯ ಮಾತು. ಸಲಹೆಗಾರ ಹೇಳಿದ್ದಕ್ಕೆ ಸಹಿ ಹಾಕಿದೆ ಎಂದು ಯಾವ ಅಧಿಕಾರಿಯೂ ಜಾರಿಕೊಳ್ಳುವಂತಿಲ್ಲ. ಸಹಿ ಯಾರದೋ ಹೊಣೆಯೂ ಅವರದೇ. ಜಲಸಿರಿಯಲ್ಲಿ ಯೋಜನಾ ನಿರ್ವಹಣೆ, ವಿನ್ಯಾಸ, ಮೇಲ್ವಿಚಾರಣೆಗೆ ಸಲಹೆಗಾರರು ಈಗಾಗಲೇ ಬಂದಾಗಿದೆ. ಬೇಕೋ ಬೇಡವೋ ಎಂಬ ಚರ್ಚೆಗೆ ಕಾಲ ಮೀರಿದೆ. ಈಗ ಕೇಳಬೇಕಾದ ಪ್ರಶ್ನೆ ಬೇರೆ: ಅವರು ಹೊರಟ ದಿನ ನೆಲದೊಳಗಿನ ಪೈಪುಗಳ ಕೊನೆಯ ನಕ್ಷೆ ಪುರಸಭೆಯ ಕೈಯಲ್ಲಿ ಇರುತ್ತದೆಯೇ? ವರ್ಷಗಟ್ಟಲೆ ಎಳೆದಾಡಿದ ಬ್ಯಾಡಗಿ ಮುಖ್ಯರಸ್ತೆ ಅಗಲೀಕರಣದಂಥ ಕೆಲಸಕ್ಕೆ ಗುದ್ದಲಿ ಹಾಕುವ ಮುನ್ನ ಆ ನಕ್ಷೆ ಮೇಜಿನ ಮೇಲಿರಬೇಕು.

ಆದ್ದರಿಂದ ಪುರಸಭೆ, ನಗರಸಭೆ, ಪಂಚಾಯ್ತಿ ಸದಸ್ಯರಲ್ಲಿ ನನ್ನ ಮನವಿ ಇದು. ಸಲಹೆಗಾರರ ನೇಮಕದ ಕಡತ ಸಭೆಗೆ ಬಂದಾಗ ಕಣ್ಣುಮುಚ್ಚಿ ವಿರೋಧಿಸಬೇಡಿ, ಕಣ್ಣುಮುಚ್ಚಿ ಒಪ್ಪಲೂ ಬೇಡಿ. ನಾಲ್ಕು ಷರತ್ತು ಬರೆಸಿ: ಎಲ್ಲ ದಾಖಲೆಯ ಒಡೆತನ ಸ್ಥಳೀಯ ಸಂಸ್ಥೆಯದು, ತಿಂಗಳ ಪ್ರಗತಿ ವರದಿ ಕನ್ನಡದಲ್ಲಿ ಸೂಚನಾ ಫಲಕದ ಮೇಲೆ, ಸ್ಥಳೀಯ ಯುವಕ ಯುವತಿಯರಿಗೆ ಕೆಲಸ ಮತ್ತು ತರಬೇತಿ, ಕೊನೆಯ ನಕ್ಷೆ ಮತ್ತು ಪೂರ್ತಿ ಕಡತ ಒಪ್ಪಿಸುವವರೆಗೆ ಕೊನೆಯ ಬಿಲ್ಲು ಇಲ್ಲ. ಈ ನಾಲ್ಕನ್ನು ಒಪ್ಪದ ಸಲಹೆಗಾರರನ್ನು ವಾಪಸು ಕಳಿಸಿ. ಒಪ್ಪುವವರಿಗೆ ಕೆಲಸ ಕೊಡಿ, ಅವರ ವರದಿ ಓದಿ, ಪ್ರಶ್ನೆ ಕೇಳಿ.